ಕಾಲು ಹಿಡಿಯುವ ಕೆಲಸದ ದೇಜಪ್ಪಣ್ಣ

ಬೆಳಗಿನ ಬಾಂಗ್ ಆಗಿ ಸ್ವಲ್ಪ ಹೊತ್ತಾಗಿದೆ. ದೋಹಾದ ಎರಡನೇ ದರ್ಜೆಯ ಫುಟ್‌ಬಾಲ್ ಕ್ಲಬ್ಬೊಂದರ ಜಗಲಿಯಲ್ಲಿ ಎತ್ತರದ ಮಂಚವೊಂದನ್ನು ಇಟ್ಟಿದ್ದಾರೆ. ಅದರ ಮೇಲೆ ಆರಡಿಗೂ ಮಿಕ್ಕಿದ ಆಟಗಾರನೊಬ್ಬ ಕಣ್ಣು ಮುಚ್ಚಿ ಅಂಗಾತ ಮಲಗಿದ್ದಾನೆ. ಅವನ ಎಡಗಾಲನ್ನು ಎರಡೂ ಕೈಗಳಲ್ಲಿ ಹಿಡಿದು ನಿಂತವರು ದೇಜಪ್ಪ ಪೂಜಾರಿ. ಗಿಡ್ಡ ದೇಹ, ನರೆತ ಮೀಸೆ, ಒಗೆದೂ ಒಗೆದೂ ಬಣ್ಣ ಹೋದ ಕ್ಲಬ್ಬಿನ ಟಿ-ಶರ್ಟು. ಮೊಣಗಂಟಿನ ಕೆಳಗೆ ಹೆಬ್ಬೆರಳು ಒತ್ತುತ್ತಾರೆ, ಆಟಗಾರನ ಹುಬ್ಬು ನೋಡುತ್ತಾರೆ, ಮತ್ತೆ ಒತ್ತುತ್ತಾರೆ. ಹುಬ್ಬು ಅಲುಗಿದರೆ ನೋವುಂಟು ಎಂದು ಲೆಕ್ಕ. ಇವತ್ತು ಅದು ಅಲುಗಲಿಲ್ಲ.

"ಬಾಯಲ್ಲಿ ಕೇಳಿದ್ರೆ ಇವ್ನು 'ಮಾಫಿ, ಮಾಫಿ' ಅಂತಲೇ ಹೇಳುದು ಮೇಡಂ. ಇಲ್ಲ, ಏನೂ ಇಲ್ಲ ಅಂತ. ಕಾಲು ಮುರಿದು ಕೈಗೆ ಬಂದ್ರೂ ಮಾಫಿಯೇ. ಅದಕ್ಕೆ ನಾನು ಬಾಯಿ ನೋಡುದಿಲ್ಲ, ಹುಬ್ಬು ನೋಡುದು," ಎನ್ನುತ್ತಾರೆ ದೇಜಪ್ಪಣ್ಣ.

ಮಂಚದ ಮೇಲಿನವನ ಹೆಸರು ಅಲಿ. ಸೂಡಾನಿನಿಂದ ಬಂದ ಮನೆತನ, ಅವನು ಹುಟ್ಟಿ ಬೆಳೆದದ್ದೆಲ್ಲ ದೋಹಾದಲ್ಲಿ. ಗೋಲಿನ ಮುಂದೆ ನಿಂತು ಎದುರಾಳಿಗಳನ್ನು ತಡೆಯುವುದು ಅವನ ಕೆಲಸ. ವಯಸ್ಸು ಮೂವತ್ತಮೂರು ದಾಟಿದೆ. ಫುಟ್‌ಬಾಲಿನಲ್ಲಿ ಅದು ನಮ್ಮ ಸರ್ಕಾರಿ ನೌಕರರ ಐವತ್ತೇಳು ಇದ್ದ ಹಾಗಂತೆ. ಹೋದ ವರ್ಷ ಎಡ ಮೊಣಕಾಲಿನೊಳಗಿನ ಕಟ್ಟು ಹರಿದು ಆಪರೇಷನ್ ಆಯಿತು. ಅಲ್ಲಿಂದೀಚೆಗೆ ಅವನು ಒಂದು ಆಟವನ್ನೂ ಆಡಿಲ್ಲ. ನಾಳೆ ಶುಕ್ರವಾರ ಸಂಜೆ ಈ ಸೀಸನ್ನಿನ ಕೊನೆಯ ಆಟ. ನಾಳೆ ಆಡಿದರೆ ಕ್ಲಬ್ಬಿನಲ್ಲಿ ಇನ್ನೊಂದು ವರ್ಷ ಸಿಗಬಹುದು, ಆಡದಿದ್ದರೆ ಮನೆಗೆ. ಇದು ಅಲಿಯ ಕತೆ. ಆದರೆ ನಾನು ಹೇಳಹೊರಟದ್ದು ಅವನ ಕಾಲು ಹಿಡಿದವರ ಕತೆ, ಯಾಕೆಂದರೆ ನಾಳಿನ ಆಟದ ಮೇಲೆ ಅವರ ಮನೆಗೆ ಹೋಗುವ ದಾರಿಯೂ ನಿಂತಿದೆ.

ಮೊದಲೇ ಹೇಳಿಬಿಡುತ್ತೇನೆ, ಫುಟ್‌ಬಾಲ್ ನನಗೆ ಅಷ್ಟಕ್ಕಷ್ಟೆ. ಕೈಯಲ್ಲಿ ಮುಟ್ಟಬಾರದು ಎಂಬ ಒಂದು ನಿಯಮ ಬಿಟ್ಟು ಬೇರೇನೂ ಗೊತ್ತಿಲ್ಲ. ತಂಗಿಯ ಮನೆಗೆಂದು ಏಪ್ರಿಲಿನಲ್ಲಿ ದೋಹಾಕ್ಕೆ ಹೋಗಿದ್ದೆ. ಏಷ್ಯನ್ ಗೇಮ್ಸ್ ಮುಗಿದು ನಾಲ್ಕು ತಿಂಗಳಾಗಿದ್ದರೂ ಅದರ ಬ್ಯಾನರುಗಳು ಇನ್ನೂ ಬಿಸಿಲಲ್ಲಿ ಬಣ್ಣ ಬಿಡುತ್ತ ನೇತಾಡುತ್ತಿದ್ದವು. ಒಂದು ಸಂಜೆ ಭಾವನ ಗೆಳೆಯ ನೊರ್ಬರ್ಟ್ ಚಹಾಕ್ಕೆ ಬಂದರು. ಮೆಸಯೀದಿನ ಕಾರ್ಖಾನೆಯೊಂದಕ್ಕೆ ಬಸ್ಸು ಓಡಿಸುವ ಮಂಗಳೂರಿನವರು. "ನೀವು ಪೇಪರಿನವರು ದೊಡ್ಡ ದೊಡ್ಡವರನ್ನೇ ಬರೀತೀರಿ. ನಮ್ಮ ರೂಮಲ್ಲೊಬ್ಬರು ಇದ್ದಾರೆ. ಕಾಲು ಹಿಡಿದೇ ಬದುಕಿದವರು, ಬರೀತೀರಾ?" ಎಂದರು. ನಾನು ಮುಖ ಗಂಟಿಕ್ಕಿದೆ. ಅವರು ಹೊಟ್ಟೆ ಹಿಡಿದು ನಕ್ಕರು. "ಅಯ್ಯೋ, ನಾವೆಲ್ಲ ಬಾಸಿನ ಕಾಲು ಹಿಡಿಯುವವರೇ ಮಾರಾಯ್ರೆ, ಹೇಳಿಕೊಳ್ಳುದಿಲ್ಲ ಅಷ್ಟೆ. ಇವರು ಮಾತ್ರ ಅದಕ್ಕೇ ಸಂಬಳ ತಗೊಳ್ಳುದು!"

ಹಾಗೆ ದೇಜಪ್ಪಣ್ಣನ ಪರಿಚಯವಾಯಿತು. ಕ್ಲಬ್ಬಿನ ಮಾಲೀಶಿನ ಕೋಣೆಗೆ ಹೆಂಗಸರು ಹೋಗುವಂತಿಲ್ಲ. ನನಗೋಸ್ಕರ ಮಂಚವನ್ನೇ ಜಗಲಿಗೆ ತಂದಿದ್ದರು. ಗೇಟಿನಿಂದ ನಾನು ನಡೆದುಬರುವುದನ್ನು ನೋಡಿದವರೇ, "ಮೇಡಂಗೆ ಬಲಗಾಲಿನ ಮೀನಖಂಡ ಹಿಡ್ಕೊಂಡಿದೆ ಕಾಣ್ತದೆ," ಎಂದರು. "ಇಲ್ಲ ಮಾರಾಯ್ರೆ, ಹೊಸ ಚಪ್ಪಲಿ ಕಚ್ಚುತ್ತಿದೆ," ಎಂದೆ. ಅಲಿಗೆ ಅದನ್ನು ಅವರೇ ಹಿಂದಿಯಲ್ಲಿ ಹೇಳಿದರು. ಅವನು ಮಂಚ ಅಲ್ಲಾಡುವ ಹಾಗೆ ನಕ್ಕ.

ಅಲಿಯ ಮೈಯನ್ನು ದೇಜಪ್ಪಣ್ಣ ನನಗೆ ತೋರಿಸಿದ ಬಗೆಯನ್ನು ಹೇಳಲೇಬೇಕು. ಬಸ್ಸಿನಲ್ಲಿ ಪಕ್ಕ ಕೂತವರು ಕಿಟಕಿಯಾಚೆ ಕೈ ತೋರಿಸಿ ಊರುಗಳ ಹೆಸರು ಹೇಳುತ್ತಾರಲ್ಲ, ಹಾಗೆ. "ಇಲ್ಲಿ ಬಲದ ಹರಡು, ಎರಡು ಸಲ ಉಳುಕಿದ್ದು. ಎರಡನೇ ಸಲ ಬೂಟು ಬಿಚ್ಲಿಕ್ಕೇ ಆಗ್ಲಿಲ್ಲ, ಕತ್ತರಿಯಲ್ಲಿ ಕತ್ತರಿಸಿದ್ದು. ಇದು ತೊಡೆಯ ಹಿಂದಿನ ಸ್ನಾಯು, ಓಡುವಾಗ ಟಪ್ ಅಂತ ಹೋದದ್ದು. ಇಲ್ಲಿ ಹೆಗಲಿನ ಎಲುಬು. ಮೂಗು ನೀವೇ ನೋಡ್ತಾ ಇದ್ದೀರಿ, ಸೊಟ್ಟ ಉಂಟು." ಇಷ್ಟೆಲ್ಲ ಆದರೂ ಮೊಣಕಾಲು ಹೋಗುವ ತನಕ ಅಲಿ ಸತತ ನಾಲ್ಕು ಸೀಸನ್ ಒಂದೂ ಆಟ ತಪ್ಪಿಸಿದವನಲ್ಲ. ಕ್ಲಬ್ಬಿನಲ್ಲಿ ಅವನಿಗೆ ಗೋಡೆ ಎಂದೇ ಹೆಸರಿತ್ತು. ಗೋಲು ಹೊಡೆದವರ ಫೋಟೋ ಪೇಪರಿನಲ್ಲಿ ಬರುತ್ತದೆ. ಗೋಡೆಯ ಫೋಟೋ ಯಾರು ಹಾಕುತ್ತಾರೆ? ಗೋಡೆಗೆ ಪ್ರತಿದಿನ ಮಣ್ಣು ಮೆತ್ತಿದವರ ಫೋಟೋವಂತೂ ಕೇಳುವುದೇ ಬೇಡ.

ಅಲಿಯನ್ನು ನಾನು ಕೇಳಿದೆ: ಇಷ್ಟು ಪೆಟ್ಟು ತಿಂದೂ ಆಡುವುದು ಯಾಕೆ? ಅವನ ಹಿಂದಿ ನನ್ನ ಹಿಂದಿಗಿಂತ ಚೆನ್ನಾಗಿತ್ತು. "ಆಡದ ದಿನವೇ ನನಗೆ ಹೆಚ್ಚು ನೋಯುತ್ತದೆ. ಡಾಕ್ಟರಿಗೆ, ಅಮ್ಮನಿಗೆ, ಹೆಂಡತಿಗೆ ಎಲ್ಲರಿಗೂ ನೋವಿಲ್ಲ ಎಂದು ಸುಳ್ಳು ಹೇಳಬಲ್ಲೆ. ದೇಜಾ ಕೈ ಇಟ್ಟರೆ ನನ್ನ ಸುಳ್ಳು ನಡೆಯುವುದಿಲ್ಲ," ಎಂದ.

ದೇಜಪ್ಪಣ್ಣನ ಊರು ಕಿನ್ನಿಗೋಳಿಯಿಂದ ಒಳಗೆ, ಪಕ್ಷಿಕೆರೆಯ ಹತ್ತಿರ. ಚಿಕ್ಕಂದಿನಿಂದ ಗುತ್ತಿನ ಮನೆಯೊಂದರಲ್ಲಿ, ಅಂದರೆ ಊರಿನ ದೊಡ್ಡ ಜಮೀನುದಾರರ ಮನೆಯಲ್ಲಿ, ಕಂಬಳದ ಕೋಣಗಳನ್ನು ನೋಡಿಕೊಳ್ಳುವ ಕೆಲಸ. ಕೆಸರುಗದ್ದೆಯಲ್ಲಿ ಓಡುವ ಕೋಣಗಳ ಉಪಚಾರ ನಮ್ಮ ಕಡೆಯವರಿಗೆ ಗೊತ್ತೇ ಇದೆ. ಮದುಮಗನಿಗೂ ಅಷ್ಟು ಎಣ್ಣೆ ತಿಕ್ಕುವುದಿಲ್ಲ. ಹುರುಳಿ ಬೇಯಿಸಿ ತಿನ್ನಿಸಿ, ಮೈಗೆ ಎಣ್ಣೆ ಉಜ್ಜಿ, ಕಾಲಿನ ಒಂದೊಂದು ಗಂಟನ್ನೂ ನೀವಿ ನೀವಿ ಬೆಳೆದ ಕೈ ಅವರದು. "ಕೋಣ ಬಾಯಿ ಬಿಟ್ಟು ಹೇಳ್ತದಾ? ಯಾವ ಕಾಲಿಗೆ ಭಾರ ಹಾಕುದಿಲ್ಲ ಅಂತ ನಾವೇ ನೋಡ್ಬೇಕು. ಇವ್ನೂ ಅದೇ ಜಾತಿ," ಎಂದು ಅಲಿಯ ತೊಡೆಗೊಂದು ಏಟು ಕೊಡುತ್ತಾರೆ.

ದೋಹಾಕ್ಕೆ ಬಂದದ್ದು ಒಂಬತ್ತು ವರ್ಷದ ಹಿಂದೆ, ಇದೇ ಕ್ಲಬ್ಬಿನಲ್ಲಿ ಕಸ ಗುಡಿಸುವ ವೀಸಾದಲ್ಲಿ. ಒಂದು ದಿನ ಅಭ್ಯಾಸದ ನಡುವೆ ಅಲಿಯ ಮೀನಖಂಡ ಸೆಟೆದುಕೊಂಡಿತು. ಮಾಲೀಶಿನವನು ರಜೆಯಲ್ಲಿದ್ದ. ಪೊರಕೆ ಹಿಡಿದು ನಿಂತಿದ್ದ ದೇಜಪ್ಪಣ್ಣನಿಗೆ ನೋಡಿಕೊಂಡಿರಲಾಗಲಿಲ್ಲ. ಪೊರಕೆ ಬಿಸಾಡಿ ಹೋಗಿ ಕಾಲು ಹಿಡಿದರು. ಅಲಿ ಕಿರುಚಿದ, ಆಮೇಲೆ ಸುಮ್ಮನಾದ. ಕ್ಲಬ್ಬಿನ ಈಜಿಪ್ಟ್ ಡಾಕ್ಟರು ಅದನ್ನು ನೋಡಿ ಬೈದರು. ಹೀಗೆ ಒತ್ತಿದರೆ ಸ್ನಾಯು ಹರಿದುಹೋಗುತ್ತದೆ, ಇದು ಮನುಷ್ಯನ ಕಾಲು ಎಂದರು. ಬೈದವರೇ ಮರುದಿನ ಕರೆದು ಕಲಿಸತೊಡಗಿದರು. "ಡಾಕ್ಟರು ನನ್ನ ಕೈಯಿಂದ ಕೋಣವನ್ನು ಬಿಡಿಸ್ಲಿಕ್ಕೆ ಒಂದು ವರ್ಷ ತಗೊಂಡ್ರು. ದೇವರಂಥವರು. ಅವರು ಹೇಳಿದ್ದು ಬಿಟ್ಟು ನಾನು ಒಂದು ಬೆರಳೂ ಹೆಚ್ಚು ಒತ್ತುದಿಲ್ಲ."

ಈಗ ದಿನಕ್ಕೆ ಹತ್ತು ಹದಿನೈದು ಆಟಗಾರರ ಕಾಲು ಅವರ ಕೈ ದಾಟುತ್ತದೆ. ಬೆಳಕು ಹರಿಯುವ ಮೊದಲು ಅಲಿಯದು, ಯಾಕೆಂದರೆ ಬಿಸಿಲೇರಿದ ಮೇಲೆ ಅವನಿಗೆ ಓಡಲಾಗುವುದಿಲ್ಲ. ಸಂಜೆ ಉಳಿದವರದು. ಐಸು ಒಡೆಯುವುದು, ಬ್ಯಾಂಡೇಜು ಸುತ್ತುವುದು, ಟವೆಲ್ಲು ಒಗೆಯುವುದೂ ಅವರದೇ. ಆಟದ ದಿನ ಐಸಿನ ಪೆಟ್ಟಿಗೆಯೊಡನೆ ಬೆಂಚಿನ ತುದಿಯಲ್ಲಿ ಕೂರುತ್ತಾರೆ. ಯಾರಾದರೂ ಬಿದ್ದು ಒದ್ದಾಡಿದರೆ ಮಾತ್ರ ಅವರು ಜನರಿಗೆ ಕಾಣುವುದು. ಹಾಗಾಗಿ ಅವರು ಕಾಣದೆ ಇರಲಿ ಎಂದೇ ಎಲ್ಲರ ಆಸೆ, ಅವರದೂ ಅದೇ.

ಇಷ್ಟೂ ಹೊತ್ತು ನಗುತ್ತ ಮಾತಾಡಿದವರು ಮನೆಯ ವಿಷಯ ಬಂದಾಗ ಎಣ್ಣೆಯ ಕೈಯನ್ನು ಟವೆಲ್ಲಿಗೆ ಒರೆಸುತ್ತ ತಡವರಿಸಿದರು. ಹೆಂಡತಿ ಹರಿಣಾಕ್ಷಿ, ಕಾಲೇಜಿಗೆ ಹೋಗುವ ಮಗಳು ಯಶ್ಮಿತಾ. ಹರಿಣಾಕ್ಷಿ ಇಪ್ಪತ್ತು ಇಪ್ಪತ್ತೈದು ವರ್ಷದಿಂದ ಬೀಡಿ ಕಟ್ಟುತ್ತಾರೆ. ಮಡಿಲಲ್ಲಿ ಎಲೆ, ತಂಬಾಕು ತುಂಬಿದ ತಡ್ಪೆ, ಅಂದರೆ ಮೊರ, ಇಟ್ಟುಕೊಂಡು ಕಾಲು ಮಡಚಿ ಕೂತರೆ ಏಳುವುದು ಮಧ್ಯಾಹ್ನಕ್ಕೆ. ಈಗ ಎರಡೂ ಮೊಣಕಾಲು ಊದಿಕೊಂಡಿವೆ. ತುರಿಮಣೆಯ ಮೇಲೆ ಕೂರಲಾಗುವುದಿಲ್ಲ, ಕೂತರೆ ಗೋಡೆ ಹಿಡಿಯದೆ ಏಳಲಾಗುವುದಿಲ್ಲ. ಸರ್ಕಾರಿ ಆಸ್ಪತ್ರೆಯ ಮುಲಾಮು ಹಚ್ಚುತ್ತಾರೆ.

"ನಂದು ಎಂಥ ಗ್ರಾಚಾರ ನೋಡಿ ಮೇಡಂ," ಎಂದರು. "ಪರದೇಶದವರ ಕಾಲೆಲ್ಲ ನನ್ನ ಕೈಯಲ್ಲಿ. ನನ್ನ ಹೆಂಡತಿಯ ಕಾಲು ಮಾತ್ರ ಇಲ್ಲ. ಫೋನಲ್ಲಿ ಮಗಳಿಗೆ ಹೇಳಿಕೊಡ್ತೇನೆ, ಇಲ್ಲಿ ಹಿಡಿ, ಹೀಗೆ ಒತ್ತು ಅಂತ. ಫೋನಲ್ಲಿ ಎಲ್ಲಿ ಅಂತ ತೋರಿಸುದು?"

ದೂರ ಒಂದೇ ಅಡ್ಡಿಯಲ್ಲ. ಕಳೆದ ಸಲ, ಅಂದರೆ ಎರಡು ವರ್ಷದ ಹಿಂದೆ, ರಜೆಯಲ್ಲಿ ಹೋದಾಗ ದೇಜಪ್ಪಣ್ಣ ಎಣ್ಣೆ ಬಿಸಿ ಮಾಡಿಕೊಂಡು ಹೆಂಡತಿಯ ಮುಂದೆ ಕೂತರಂತೆ. ಹರಿಣಾಕ್ಷಿ ಸೀರೆಯೊಳಗೆ ಕಾಲೆಳೆದುಕೊಂಡರು. "ನಿಮಗೆಂಥ ಮರ್ಲಾ? ಗಂಡಸರು ಹೆಂಡತಿಯ ಕಾಲು ಹಿಡಿಯುದುಂಟಾ? ನೆರೆಮನೆಯವರು ನೋಡಿದ್ರೆ ಎಂಥ ಹೇಳ್ಯಾರು? ನನಗೆ ಪಾಪ ಸುತ್ಕೊಳ್ತದೆ," ಎಂದು ಎದ್ದೇ ಹೋದರು, ಗೋಡೆ ಹಿಡಿದುಕೊಂಡು. ಇದು ನನ್ನ ವೃತ್ತಿ, ನಾನು ಡಾಕ್ಟರ ಹತ್ತಿರ ಕಲಿತವನು ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಇದನ್ನು ಕೇಳುವಾಗ ಎಲ್ಲಿಯ ಕಾಲದ ಮಾತಪ್ಪ ಎಂದು ನನಗೆ ಮೊದಲು ಸಿಟ್ಟು ಬಂತು. ಆಮೇಲೆ ನನ್ನನ್ನೇ ಕೇಳಿಕೊಂಡೆ. ನಮ್ಮ ಮನೆಯವರು ಎಣ್ಣೆ ಬಟ್ಟಲು ಹಿಡಿದು ಬಂದರೆ ನಾನು ಕಾಲು ಚಾಚಿ ಕೂತಿರುತ್ತಿದ್ದೆನೇ? ಖಂಡಿತ ಇಲ್ಲ, ನಾನೂ ಎಳೆದುಕೊಳ್ಳುವವಳೇ.

ಹೋದ ವರ್ಷ ಮತ್ತೆ ರಜೆಗೆ ಹೊರಡುವ ಹೊತ್ತಿಗೆ ಅಲಿಯ ಮೊಣಕಾಲು ಹೋಯಿತು. ಆಪರೇಷನ್ ಆದ ಕಾಲನ್ನು ಮೊದಲಿಂದ ಕೊನೆಯ ತನಕ ಒಂದೇ ಕೈ ನೋಡಿಕೊಂಡರೆ ಒಳ್ಳೆಯದು ಎಂದರು ಡಾಕ್ಟರು. ಅಲಿಯೂ ಕೇಳಿಕೊಂಡ. ದೇಜಪ್ಪಣ್ಣ ಟಿಕೆಟು ರದ್ದು ಮಾಡಿ ಊರಿಗೆ ಫೋನು ಮಾಡಿದರು. "ಇವ್ನು ಒಂದು ಆಟ ಆಡ್ಲಿ, ಮರುದಿನವೇ ಹೊರಟೆ," ಎಂದು ಮಾತು ಕೊಟ್ಟರು. ಅಂದಿನಿಂದ ಹರಿಣಾಕ್ಷಿಗೆ ಅಲಿಯದೇ ಚಿಂತೆ. ಪ್ರತಿ ವಾರ ಫೋನಿನಲ್ಲಿ ಮೊದಲ ಪ್ರಶ್ನೆ, "ಆ ಹುಡುಗನ ಕಾಲು ಹೇಗುಂಟು?" ದೇವಸ್ಥಾನಕ್ಕೆ ಬೆಳ್ಳಿಯ ಸಣ್ಣ ಕಾಲೊಂದನ್ನು ಹರಕೆ ಹೇಳಿಕೊಂಡಿದ್ದಾರೆ. ಅದೂ ತನ್ನ ಕಾಲಿಗಲ್ಲ, ಮುಖ ನೋಡದ ಅಲಿಯ ಕಾಲಿಗೆ! ಇದನ್ನು ಹೇಳುವಾಗ ದೇಜಪ್ಪಣ್ಣ ನಗಲು ಹೋದರು, ಆಗಲಿಲ್ಲ.

ಆ ಬೆಳಿಗ್ಗೆ ಮಾಲೀಶು ಮುಗಿದ ಮೇಲೆ ಅಲಿ ಮೈದಾನಕ್ಕಿಳಿದು ಓಡಿದ, ತಟ್ಟನೆ ತಿರುಗಿದ, ಜಿಗಿದ. ದೇಜಪ್ಪಣ್ಣ ಮತ್ತೆ ಮಂಚಕ್ಕೆ ಕರೆದು ಮೊಣಗಂಟು ಮುಟ್ಟಿ ನೋಡಿದರು. ಬಾವು ಇರಲಿಲ್ಲ. ಡಾಕ್ಟರು ತಂದೆಗೆ ಹುಷಾರಿಲ್ಲವೆಂದು ಕೈರೋಕ್ಕೆ ಹೋಗಿದ್ದರು. ಹೋಗುವ ಮೊದಲು ಎಲ್ಲ ಪರೀಕ್ಷೆ ಮಾಡಿ, "ಕೊನೆಯ ಓಟದ ನಂತರ ಬಾವು ಬರದಿದ್ದರೆ ಆಡಬಹುದು, ಅಷ್ಟನ್ನು ಮ್ಯಾನೇಜರಿಗೆ ತಿಳಿಸು," ಎಂದು ದೇಜಪ್ಪಣ್ಣನಿಗೆ ಹೇಳಿದ್ದರು. ಮ್ಯಾನೇಜರನ್ನು ಅಲ್ಲಿ ಎಲ್ಲರೂ ಮುದೀರ್ ಎನ್ನುತ್ತಾರೆ. ಅರಬಿ ಬಿಟ್ಟು ಬೇರೆ ಭಾಷೆ ಆಡದ ಮನುಷ್ಯ. ದೇಜಪ್ಪಣ್ಣನ ಅರಬಿಯೋ, ಒಂಬತ್ತು ವರ್ಷದಲ್ಲಿ ಅಲ್ಲೊಂದು ಇಲ್ಲೊಂದು ಹೆಕ್ಕಿದ ಹತ್ತಿಪ್ಪತ್ತು ಶಬ್ದ. ಸ್ವಲ್ಪ ಹೊತ್ತಿನಲ್ಲಿ ಮುದೀರನದೇ ಫೋನು ಬಂತು. ಅಲಿಯ ರುಕ್ಬಾ, ಅಂದರೆ ಮೊಣಕಾಲು, ಹೇಗಿದೆ ಎಂದು ಕೇಳಿದ. ದೇಜಪ್ಪಣ್ಣನ ಮುಖ ಅರಳಿತು. ನನ್ನ ಕಡೆ ಹೆಬ್ಬೆರಳೆತ್ತಿ ತೋರಿಸಿ, ಫೋನಿನಲ್ಲಿ ದೊಡ್ಡ ದನಿಯಲ್ಲಿ ಕೂಗಿದರು: "ರುಕ್ಬಾ ಖಲಾಸ್, ಮುದೀರ್! ಖಲಾಸ್!"

ಆ ಕಡೆಯಿಂದ ಫೋನು ತಣ್ಣಗೆ ಇಟ್ಟ ಸದ್ದು. ದೊಡ್ಡ ಮನುಷ್ಯರದು ಮಾತು ಕಮ್ಮಿ ಎಂದುಕೊಂಡೆವು.

ಮರುದಿನ ಸಂಜೆ ತಂಗಿಯೊಡನೆ ಸ್ಟೇಡಿಯಮ್ಮಿಗೆ ಹೋದೆ. ಕುಟುಂಬದವರಿಗೆಂದು ಬಿಟ್ಟ ಮೂಲೆಯಲ್ಲಿ ನಾವಿಬ್ಬರು ಮತ್ತು ಯಾರದೋ ಎರಡು ಮಕ್ಕಳು. ನೊರ್ಬರ್ಟ್ ಐಸಿನ ಪೆಟ್ಟಿಗೆ ಹೊರಲು ದೇಜಪ್ಪಣ್ಣನೊಡನೆ ಒಳಗೆ ಹೋಗಿದ್ದರು. ಆಟ ಶುರುವಾಗುವ ಹೊತ್ತಿಗೆ ಏದುಸಿರು ಬಿಡುತ್ತ ಬಂದು ನಮ್ಮ ಪಕ್ಕ ಕುಸಿದು ಕೂತರು. "ದೇವಾ, ಎಂಥ ಆಯ್ತು ಗೊತ್ತುಂಟಾ!" ಎಂದು ಅವರು ಹೇಳಿದ್ದು ಇಷ್ಟು.

ಡ್ರೆಸ್ಸಿಂಗ್ ರೂಮಿನಲ್ಲಿ ಮುದೀರ್ ಆಡುವವರ ಹೆಸರು ಕೂಗಿದ. ಆಮೇಲೆ ಬದಲಿ ಆಟಗಾರರ ಹೆಸರು. ಎರಡರಲ್ಲೂ ಅಲಿ ಇಲ್ಲ. ಅಲಿ ಬೂಟಿನ ದಾರ ಕಟ್ಟುತ್ತಿದ್ದವನು ಅಲ್ಲೇ ನಿಲ್ಲಿಸಿದ. ಹೊರಗಿನ ಓಣಿಗೆ ಮುದೀರನ ಹಿಂದೆ ಹೋಗಿ ಯಾಕೆಂದು ಕೇಳಿದ. ಮುದೀರನಿಗೂ ಬೇಜಾರೇ. ಅಲಿಯ ಹೆಗಲ ಮೇಲೆ ಕೈಯಿಟ್ಟು, "ನಿನ್ನ ದೇಜಾನೇ ಹೇಳಿದನಲ್ಲಪ್ಪ, ರುಕ್ಬಾ ಖಲಾಸ್ ಅಂತ," ಎಂದ. ಮೊಣಕಾಲು ಮುಗಿಯಿತು. ಇನ್ನು ಅದರಿಂದ ಆಗದು. ಅವನು ಕೇಳಿಸಿಕೊಂಡದ್ದು ಹಾಗೆ.

ನಮ್ಮವರ ಬಾಯಲ್ಲಿ ಖಲಾಸ್ ಪಡುವ ಪಾಡು ನಿಮಗೆ ಗೊತ್ತು. ಊಟ ಖಲಾಸ್, ಡ್ಯೂಟಿ ಖಲಾಸ್, ಸಂಬಳ ಖಲಾಸ್. ಗಲ್ಫಿನಲ್ಲಿ ಹತ್ತು ವರ್ಷ ಕಳೆದವರು ಊರಿಗೆ ಬಂದು ಮದುವೆ ಮನೆಯಲ್ಲೂ ಖಲಾಸ್ ಎನ್ನುತ್ತಾರೆ. ಮೊಣಕಾಲಿನ ಕೆಲಸ ಮುಗಿಯಿತು, ಇನ್ನು ಆಡಬಹುದು ಎಂಬ ಸಂತೋಷವನ್ನು ದೇಜಪ್ಪಣ್ಣ ಅದೇ ಒಂದು ಶಬ್ದಕ್ಕೆ ತುಂಬಿದ್ದರು. ನಾನೂ ಪಕ್ಕದಲ್ಲೇ ಇದ್ದೆ, ನನಗೂ ಅರ್ಥವಾದದ್ದು ಹಾಗೆಯೇ. ಅರಬಿ ಮಾತಾಡುವವನಿಗೆ ಅದು ಸಾವಿನ ಸುದ್ದಿಯಂತೆ ಕೇಳಿಸಬಹುದೆಂದು ನಮಗಿಬ್ಬರಿಗೂ ಹೊಳೆಯಲಿಲ್ಲ.

ಅಲಿ ತಿರುಗಿ, ಐಸಿನ ಪೆಟ್ಟಿಗೆ ಹಿಡಿದು ಅಲ್ಲೇ ನಿಂತಿದ್ದ ದೇಜಪ್ಪಣ್ಣನನ್ನು ನೋಡಿದ. ನೊರ್ಬರ್ಟ್ ಹೇಳುತ್ತಾರೆ, "ಆ ನೋಟ ನನ್ನ ಮೇಲೆ ಬಿದ್ದಿದ್ರೆ ನಾನು ಅಲ್ಲೇ ನೀರಾಗಿ ಹೋಗ್ತಿದ್ದೆ." ದೇಜಪ್ಪಣ್ಣನಿಗೆ ಇದ್ದಬದ್ದ ಅರಬಿಯೆಲ್ಲ ಮರೆತುಹೋಯಿತು. ಐಸಿನ ಪೆಟ್ಟಿಗೆ ಕೈಬಿಟ್ಟು ಓಡಿಹೋಗಿ, ಆ ಓಣಿಯ ನಡುವೆ, ಎಲ್ಲರೆದುರು, ಮುದೀರನ ಎರಡೂ ಕಾಲು ಹಿಡಿದುಬಿಟ್ಟರು.

ನಮ್ಮಲ್ಲಾದರೆ ಇದೊಂದು ದೊಡ್ಡ ಸಂಗತಿಯಲ್ಲ. ಅಲ್ಲಿ ಮನುಷ್ಯ ಮನುಷ್ಯನ ಕಾಲಿಗೆ ಬೀಳುವುದು ಮಹಾ ತಪ್ಪು. ಮುದೀರ್ ಬಿಸಿ ಬೂದಿ ಮೆಟ್ಟಿದವನ ಹಾಗೆ ಹಾರಿದ. "ಅಸ್ತಗ್ಫಿರುಲ್ಲಾ! ಏಳು, ಏಳು!" ಎಂದು ದೇವರ ಕ್ಷಮೆ ಕೇಳುತ್ತ ಬಿಳಿ ನಿಲುವಂಗಿ ಎಳೆದುಕೊಂಡು ಹಿಂದೆ ಸರಿದ. ಇವರು ಬಿಡಲಿಲ್ಲ. ಅವನ ಮೊಣಕಾಲನ್ನು ಗಟ್ಟಿ ಹಿಡಿದುಕೊಂಡಿದ್ದಂತೆಯೇ ಮಾತು ಬಂತು. "ಶುಗಲ್ ಖಲಾಸ್, ಮುದೀರ್! ಶುಗಲ್! ರುಕ್ಬಾ ಝೈನ್! ರುಕ್ಬಾ ಝೈನ್!" ಮುಗಿದದ್ದು ಕೆಲಸ, ಮೊಣಕಾಲು ಚೆನ್ನಾಗಿದೆ. ಹೇಳುತ್ತ ಹೇಳುತ್ತ ಅತ್ತುಬಿಟ್ಟರು.

ಮುದೀರ್ ಒಂದು ಕ್ಷಣ ಅವರನ್ನೂ ಅಲಿಯನ್ನೂ ನೋಡಿದ. ಅಲಿಯನ್ನು ಅಲ್ಲೇ ಕುಕ್ಕರಗಾಲಲ್ಲಿ ಕೂರಿಸಿ ಎಬ್ಬಿಸಿದ. ಎಡಗಾಲಲ್ಲಿ ಕುಪ್ಪಳಿಸು ಎಂದ. ಅಲಿ ಓಣಿಯ ಆ ತುದಿಯ ತನಕ ಕುಪ್ಪಳಿಸಿ ಬಂದ. ರೆಫರಿಗೆ ಹೆಸರು ಕೊಡಲು ಇನ್ನೂ ಹೊತ್ತಿತ್ತು. ಬದಲಿ ಆಟಗಾರರಲ್ಲಿ ಒಬ್ಬನನ್ನು ತೆಗೆದು ಅಲಿಯ ಹೆಸರು ಸೇರಿಸಿದ. ಆಮೇಲೆ ಮುದೀರನಿಗೆ ನಗು ತಡೆಯಲಾಗಲಿಲ್ಲವಂತೆ.

ದ್ವಿತೀಯಾರ್ಧ ಶುರುವಾಗಿ ಸ್ವಲ್ಪ ಹೊತ್ತಿಗೆ ಅಲಿ ಮೈದಾನಕ್ಕಿಳಿದ. ಚಪ್ಪಾಳೆ ತಟ್ಟಿದವರು ಹೆಚ್ಚಿಲ್ಲ. ನಾನು ಮಾತ್ರ ಎದ್ದು ನಿಂತು ತಟ್ಟಿದೆ, ತಂಗಿ ಸೆರಗೆಳೆದು ಕೂರಿಸಿದಳು. ಚೆಂಡು ಎಲ್ಲಿದೆಯೆಂದು ನಾನು ನೋಡಲೇ ಇಲ್ಲ. ಅಲಿಯ ಎಡಗಾಲು ನೋಡುತ್ತ ಕೂತಿದ್ದೆ. ಬೆಂಚಿನ ತುದಿಯಲ್ಲಿ ದೇಜಪ್ಪಣ್ಣನೂ ಅದನ್ನೇ ನೋಡುತ್ತಿದ್ದರು. ಆಟ ಮುಗಿಯಲು ಹತ್ತಿರವಿದ್ದಾಗ ಎದುರು ತಂಡದ ಹುಡುಗನೊಬ್ಬ ನುಗ್ಗಿ ಬಂದ. ಅಲಿ ಅಡ್ಡ ಹೋದ, ಇಬ್ಬರೂ ಬಿದ್ದರು. ಹುಡುಗ ಎದ್ದ. ಅಲಿ ಏಳಲಿಲ್ಲ.

ಐಸಿನ ಚೀಲ ಹಿಡಿದು ದೇಜಪ್ಪಣ್ಣ ಓಡುವುದು ಕಂಡಿತು. ಆ ಗಿಡ್ಡ ಮನುಷ್ಯ ಅಷ್ಟಗಲದ ಹಸುರಿನ ಮೇಲೆ ಎಷ್ಟು ಓಡಿದರೂ ತಲುಪುವುದಿಲ್ಲವೇನೋ ಎನಿಸಿತು. ಮಂಡಿಯೂರಿದರು, ಎಡಗಾಲನ್ನು ಕೈಗೆ ತೆಗೆದುಕೊಂಡರು, ಬಾಗಿ ಅಲಿಯ ಮುಖ ನೋಡಿದರು. ನೊರ್ಬರ್ಟ್ ಶಿಲುಬೆಯ ಗುರುತು ಮಾಡಿಕೊಂಡರು. ನಾನು ಯಾವ ದೇವರನ್ನು ಕರೆದೆನೋ ಗೊತ್ತಿಲ್ಲ. ಸ್ವಲ್ಪ ಹೊತ್ತಿನಲ್ಲಿ ದೇಜಪ್ಪಣ್ಣ ಅಲಿಯ ತೊಡೆಗೊಂದು ಏಟು ಕೊಟ್ಟರು. ಅಲಿ ಅವರ ತಲೆ ಹಿಡಿದು ಎದ್ದು ನಿಂತ. ಪಂದ್ಯ ಒಂದೊಂದು ಗೋಲಿನಲ್ಲಿ ಸಮವಾಗಿ ಮುಗಿಯಿತು. ಮರುದಿನದ ಪೇಪರಿನಲ್ಲಿ ಗೋಲು ಹೊಡೆದವನ ಫೋಟೋ ಇತ್ತು.

ಅಲಿಗೆ ಇನ್ನೊಂದು ಸೀಸನ್ ಕೊಡುವ ಮಾತನ್ನು ಮುದೀರ್ ಅಲ್ಲೇ ಆಡಿದನಂತೆ. ಜೊತೆಗೆ ದೇಜಪ್ಪಣ್ಣನನ್ನು ಕರೆದು, "ಊರಿಗೆ ಹೋಗಿ ಬಾ. ಆದರೆ ಇನ್ನು ಮುಂದೆ ಫೋನಿನಲ್ಲಿ ಅರಬಿ ಮಾತಾಡಬೇಡ," ಎಂದನಂತೆ. ದೇಶ ಬಿಟ್ಟು ಹೊರಡಲು ಅಲ್ಲಿ ಕೆಲಸ ಕೊಟ್ಟ ಸಾಹೇಬರ ಒಪ್ಪಿಗೆ ಬೇಕು. ಅದು ಹೀಗೆ, ಐಸಿನ ನೀರು ತೊಟ್ಟಿಕ್ಕುವ ಅಂಗಿಯಲ್ಲಿ ನಿಂತವರಿಗೆ ಸಿಕ್ಕಿತು.

ಸ್ಟೇಡಿಯಮ್ಮಿನಿಂದ ನೇರ ಮನ್ಸೂರಾ ಬಡಾವಣೆಗೆ ಬಂದು, ದೇಜಪ್ಪಣ್ಣ ಮತ್ತು ನೊರ್ಬರ್ಟರ ರೂಮಿನ ಕೆಳಗಿನ ಹೋಟೆಲಿನಲ್ಲಿ ಚಹಾಕ್ಕೆ ಕೂತೆವು. ದೇಜಪ್ಪಣ್ಣ ಫೋನ್ ಕಾರ್ಡು ಕೆರೆದು ಊರಿಗೆ, ಹರಿಣಾಕ್ಷಿಗೆ ಹಚ್ಚಿದರು. ಹೋಟೆಲಿನ ಗಲಾಟೆಯಲ್ಲಿ ಕೇಳುವುದಿಲ್ಲವೆಂದು ಸ್ಪೀಕರ್ ಹಾಕಿದ್ದರಿಂದ ನಮಗೂ ಕೇಳಿತು. ಅವರು ಆಡಿದ್ದು ತುಳುವಿನ‌ಲ್ಲಿ, ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಆಡಿದನಾ?"

"ಆಡಿದ."

"ಬಿದ್ದನಾ?"

"ಬಿದ್ದ. ಎದ್ದ."

ಆ ಕಡೆಯಿಂದ ಸಣ್ಣ ದನಿ. "ಹಾಗಾದ್ರೆ ನೀವು ಬರುದಾ?"

"ಬರುದು. ಕೇಳು, ಈ ಸಲ ನಾನು ನಿನ್ನ ಕಾಲು ನೋಡಿಯೇ ನೋಡುದು. ನೀನು ಎಂಥ ಬೇಕಾದ್ರೂ ಹೇಳು. ಇವತ್ತು ನಾನು ಹತ್ತು ಜನರೆದುರು ಒಬ್ಬ ಅರಬಿಯ ಕಾಲು ಹಿಡಿದಿದ್ದೇನೆ. ಅವನ ಕಾಲು ಹಿಡಿಯಬಹುದು, ನಿಂದು ಹಿಡಿಯಬಾರದಾ?" ಎಂದರು ದೇಜಪ್ಪಣ್ಣ. ದನಿ ಜೋರಾಗಿತ್ತು. ಪಕ್ಕದ ಮೇಜಿನ ಮಲಯಾಳಿಗಳೂ ಪರೋಟ ಬಿಟ್ಟು ನೋಡಿದರು.

ಕಾರ್ಡಿನ ದುಡ್ಡು ಕರಗುತ್ತಿತ್ತು. ಕೊನೆಗೆ ಫೋನಿನಿಂದ ಹರಿಣಾಕ್ಷಿಯ ದನಿ ಬಂತು: "ಹಿಡಿಯುದಿದ್ರೆ ಬಾಗಿಲು ಹಾಕಿ ಹಿಡೀರಿ."

ನೊರ್ಬರ್ಟ್ ಎದ್ದು ಹೋಗಿ ಕೈ ತೊಳೆಯುವ ಜಾಗದಲ್ಲಿ ಸುಮ್ಮನೆ ನಲ್ಲಿ ತಿರುಗಿಸಿ ನಿಂತರು. ದೇಜಪ್ಪಣ್ಣ ಸ್ಪೀಕರ್ ಆರಿಸಿ ಫೋನನ್ನು ಕಿವಿಗೆ ಒತ್ತಿಕೊಂಡು ಹೊರಗೆ ನಡೆದರು.

ಮೇ ತಿಂಗಳಲ್ಲಿ ಅವರು ಊರಿಗೆ ಬಂದರು, ಜೂನ್ ಕಳೆಯುವುದರೊಳಗೆ ಹೊರಟರು. ಮಗಳ ಓದು ಮುಗಿಯುವ ತನಕ ದೋಹಾವೇ ಗತಿ. "ಆಮೇಲೆ ಊರಲ್ಲೇ ಒಂದು ಮಂಚ ಹಾಕಿ ಕೂತ್ಕೊಳ್ಳುದು ಮೇಡಂ. ಬೀಡಿ ಕಟ್ಟುವ ಹೆಂಗಸರು ಎಷ್ಟು ಜನ ಇದ್ದಾರೆ ನಮ್ಮಲ್ಲಿ. ಅವರ ಕಾಲು ಯಾರು ನೋಡಿದ್ದಾರೆ? ಆದ್ರೆ ಗಂಡಸು ನಾನು, ನನ್ನ ಹತ್ರ ಯಾರು ಬರ್ತಾರೆ? ಹರಿಣಾಕ್ಷಿಗೆ ಕಲಿಸಿದ್ದೇನೆ. ಅವಳ ಕೈ ನನ್ನ ಕೈಗಿಂತ ಮೆದು ಉಂಟು," ಎಂದು ಹೊರಡುವ ಮೊದಲು ಫೋನಿನಲ್ಲಿ ಹೇಳಿದರು.

ಈ ಲೇಖನಕ್ಕೆ ಹರಿಣಾಕ್ಷಿಯವರ ಒಪ್ಪಿಗೆ ಬೇಕಿತ್ತು. ಬಾಗಿಲು ಹಾಕಿದ ಮೇಲಿನ ಮಾತು ನನ್ನದಲ್ಲವಷ್ಟೆ? ದೇಜಪ್ಪಣ್ಣ ದೋಹಾಕ್ಕೆ ಹೊರಡುವ ಮೊದಲೇ ನಾನು ಮನೆಗೆ ಫೋನು ಮಾಡಿ ಎಲ್ಲವನ್ನೂ ಓದಿ ಹೇಳಿದೆ. ಹರಿಣಾಕ್ಷಿ ನಡುನಡುವೆ ನಕ್ಕರು. ಕಾಲು ಹೇಗಿದೆ ಎಂದೆ. ಗೋಡೆ ಹಿಡಿಯದೆ ಏಳ್ಲಿಕ್ಕೆ ಆಗ್ತದೆ ಎಂದರು. ಮುಂದಿನ ಭಾನುವಾರ ಪೇಪರಿನಲ್ಲಿ ಹಾಕಬಹುದಾ ಎಂದು ಕೇಳಿದೆ.

"ಈಗ ಬೇಡ ಮೇಡಂ," ಎಂದರು. "ಅವರು ಹೋದ ಮೇಲೆ ಹಾಕಿ. ಆಗ ಓದ್ಲಿಕ್ಕೆ ನಂಗೆ ಏನಾದ್ರೂ ಬೇಕಲ್ಲ."